ಒಬ್ಬನಿಂದಾಗದ್ದು ಇಬ್ಬರಿಂದಾಯಿತು: ಬಿಲ್ ವಿಲ್ಸನ್ ಅವರ ಬದುಕು

ಶುಭಸಂದೇಶದಲ್ಲಿ ಒಬ್ಬ ಪಾರ್ಶ್ವವಾಯು ರೋಗಿಯ ಪ್ರಸಂಗ ಬರುತ್ತದೆ. ತಾನಾಗಿಯೇ ಎದ್ದು ಯೇಸುಸ್ವಾಮಿಯ ಬಳಿಗೆ ಬರುವ ಶಕ್ತಿ ಅವನಿಗಿಲ್ಲ. ನಾಲ್ವರು ಅವನನ್ನು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನಸಂದಣಿ, ಒಳಗೆ ಹೋಗಲು ದಾರಿಯಿಲ್ಲ. ಅವರು ಮಾಳಿಗೆ ಹತ್ತಿ, ಚಾವಣಿ ತೆಗೆದು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸುತ್ತಾರೆ. ಯೇಸುಸ್ವಾಮಿ ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು, ಗುಣವಾದದ್ದು ಮಲಗಿದ್ದವನಿಗೆ.

ಕುಡಿತಕ್ಕೆ ದಾಸನಾದವನ ಸ್ಥಿತಿಯೂ ಇದೇ. ಮನಸ್ಸು ಮಾಡಿದರೆ ಬಿಡಲಾಗದೇ ಎಂದು ನಾವು ಸುಲಭವಾಗಿ ಕೇಳಿಬಿಡುತ್ತೇವೆ. ತಪಸ್ಸುಕಾಲದಲ್ಲಿ ಅವನು ಮಕ್ಕಳ ತಲೆ ಮುಟ್ಟಿ ಆಣೆ ಇಡುತ್ತಾನೆ. ಪಾಸ್ಖ ಹಬ್ಬದ ಸಂಜೆಗೆ ಆಣೆ ಮುರಿದಿರುತ್ತದೆ. ಮನೆಯವರು ಸುಳ್ಳುಗಾರ ಎಂದು ಮುಖ ತಿರುಗಿಸುತ್ತಾರೆ. ಆದರೆ ಎಷ್ಟೋ ಸಲ ಅವನು ಸುಳ್ಳು ಹೇಳಿರುವುದಿಲ್ಲ. ಆಣೆ ಇಡುವಾಗ ಮನಸಾರೆ ಇಟ್ಟಿರುತ್ತಾನೆ. ಒಬ್ಬನೇ ಅದನ್ನು ಉಳಿಸಿಕೊಳ್ಳುವುದು ಅವನಿಂದಾಗುವುದಿಲ್ಲ. ಈ ಸತ್ಯವನ್ನು ತಮ್ಮ ಮೈಮೇಲೆಯೇ ಅನುಭವಿಸಿ, ಅದರಿಂದ ಲಕ್ಷಾಂತರ ಜನರಿಗೆ ದಾರಿ ತೆರೆದವರು ಅಮೆರಿಕದ ಬಿಲ್ ವಿಲ್ಸನ್. ಅವರು ಕಥೋಲಿಕರಲ್ಲ, ಸಂತರೂ ಅಲ್ಲ. ಆದರೂ ಅವರ ಬದುಕು ನಮ್ಮ ಪ್ರತಿಯೊಂದು ಧರ್ಮಕೇಂದ್ರಕ್ಕೂ ಸಂಬಂಧಪಟ್ಟದ್ದು.

ಹಟವಾದಿ ಹುಡುಗ

ಬಿಲ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಪುಟ್ಟ ಊರಿನಲ್ಲಿ. ತಂದೆ ಕಲ್ಲುಗಣಿಯಲ್ಲಿ ಮೇಲ್ವಿಚಾರಕ. ಹುಡುಗನಿಗೆ ಹತ್ತು ವರ್ಷದ ಆಸುಪಾಸಿನಲ್ಲಿ ತಂದೆ ಮನೆ ಬಿಟ್ಟು ಹೋದರು. ತಾಯಿ ವೈದ್ಯಕೀಯ ಓದಲೆಂದು ಬಾಸ್ಟನ್ ನಗರಕ್ಕೆ ಹೋದರು. ಬಿಲ್ ಮತ್ತು ಅವನ ತಂಗಿ ತಾಯಿಯ ತಂದೆತಾಯಿಯ ಆಸರೆಯಲ್ಲಿ ಬೆಳೆದರು.

ತಾನು ಬೇಡವಾದವನು ಎಂಬ ನೋವು ಆ ಹುಡುಗನೊಳಗೆ ಉಳಿಯಿತು. ಅದನ್ನು ಮರೆಯಲು ಅವನು ಎಲ್ಲದರಲ್ಲೂ ಮೊದಲಿಗನಾಗಲು ಹೊರಟ. ಎಸೆದರೆ ಮರಳಿ ಬರುವ ಬೂಮರಾಂಗ್ ಎಂಬ ಮರದ ಆಯುಧವನ್ನು ಆಸ್ಟ್ರೇಲಿಯದವರು ಮಾತ್ರ ಮಾಡಬಲ್ಲರೆಂದು ಅಜ್ಜ ಒಮ್ಮೆ ಹೇಳಿದ್ದೇ ಸಾಕಾಯಿತು. ಹುಡುಗ ತಿಂಗಳುಗಟ್ಟಲೆ ಮರ ಕೆತ್ತಿ, ಕೊನೆಗೂ ಅದನ್ನು ಮಾಡಿ ತೋರಿಸಿದ. ಮನಸ್ಸು ಗಟ್ಟಿಯಿದ್ದರೆ ಯಾವುದನ್ನೂ ಒಬ್ಬನೇ ಸಾಧಿಸಬಹುದು ಎಂಬುದು ಅವನ ಅಂದಿನ ನಂಬಿಕೆ. ಆದರೆ 1912ರಲ್ಲಿ ಅವನು ಪ್ರೀತಿಸಿದ ಸಹಪಾಠಿ ಬಾಲಕಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಆ ಗಟ್ಟಿ ಮನಸ್ಸೇ ಕುಸಿಯಿತು. ಅಂದು ಕವಿದ ಖಿನ್ನತೆ ಬದುಕಿನುದ್ದಕ್ಕೂ ಆಗಾಗ ಮರಳಿ ಬರುತ್ತಿತ್ತು.

ಮೊದಲ ಗುಟುಕು

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಬಿಲ್ ಸೇನಾಧಿಕಾರಿಯಾಗಿ ತರಬೇತಿಗೆ ಹೋದರು. ಅಲ್ಲಿ ಒಂದು ಔತಣಕೂಟದಲ್ಲಿ ಅವರು ಮೊದಲ ಸಲ ಕುಡಿದರು. ಸದಾ ಸಂಕೋಚದಿಂದ ಮೂಲೆ ಹಿಡಿಯುತ್ತಿದ್ದ ಆ ಎತ್ತರದ ಯುವಕನಿಗೆ ತನಗೂ ಇತರರಿಗೂ ನಡುವಿನ ಗೋಡೆ ಒಮ್ಮೆಗೇ ಬಿದ್ದುಹೋದಂತೆ ಅನಿಸಿತು. ಮದ್ಯದ ಮೋಸ ಅಲ್ಲಿಯೇ ಇದೆ. ಒಂಟಿತನ ಹೋಗುತ್ತದೆಂದು ಕುಡಿದವನನ್ನು ಅದು ಕೊನೆಗೆ ಪೂರ್ತಿ ಒಂಟಿಯಾಗಿ ಮಾಡುತ್ತದೆ.

1918ರ ಜನವರಿ 24ರಂದು ಬಿಲ್ ಅವರು ಲೋಯಿಸ್ ಬರ್ನ್‌ಹ್ಯಾಮ್ ಎಂಬುವರನ್ನು ಮದುವೆಯಾದರು. ಯುದ್ಧ ಮುಗಿಸಿ ಬಂದು ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಹೆಸರು ಮಾಡಿದರು. ದುಡ್ಡೂ ಬಂತು, ಕುಡಿತವೂ ಬೆಳೆಯಿತು. ಕಾನೂನು ಓದಿದರೂ ಪದವಿಪತ್ರ ಪಡೆಯಲು ಹೋಗಬೇಕಾದ ಹೊತ್ತಿನಲ್ಲಿ ಅಮಲಿನಲ್ಲಿದ್ದರು. 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದಾಗ ಗಳಿಸಿದ್ದೆಲ್ಲ ಕೈಬಿಟ್ಟಿತು. ಬಾಟಲಿ ಮಾತ್ರ ಬಿಡಲಿಲ್ಲ. ದಂಪತಿಗಳು ಬ್ರೂಕ್ಲಿನ್‌ನಲ್ಲಿದ್ದ ಲೋಯಿಸ್ ಅವರ ತವರುಮನೆ ಸೇರಿದರು. ಹೆಂಡತಿ ಅಂಗಡಿಯಲ್ಲಿ ದುಡಿದು ಸಂಸಾರ ನಡೆಸಿದರು. ಗಂಡ ಆಕೆಯ ಚೀಲದಿಂದ ಹಣ ಕದ್ದು ಕುಡಿದರು.

ಬಿಲ್ ಬಿಡಲು ಪ್ರಯತ್ನಿಸಲಿಲ್ಲ ಎಂದಲ್ಲ. ಇನ್ನು ಮುಂದೆ ಕುಡಿಯುವುದಿಲ್ಲವೆಂದು ಮನೆಯ ಬೈಬಲ್ ಗ್ರಂಥದಲ್ಲಿಯೇ ಹೆಂಡತಿಗೆ ಮಾತು ಬರೆದುಕೊಟ್ಟರು. ಒಂದು ಸಲವಲ್ಲ, ಮತ್ತೆ ಮತ್ತೆ. ಬೂಮರಾಂಗ್ ಮಾಡಿದ ಆ ಹಟ ಇಲ್ಲಿ ಕೈಕೊಟ್ಟಿತು. ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಹಲವು ಬಾರಿ ಸೇರಿದರು. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಅವರು ಕುಡಿತವನ್ನು ಕೇವಲ ದುರ್ನಡತೆಯೆಂದು ಕಾಣದೆ ರೋಗವೆಂದು ಕಂಡವರು. ಮೊದಲ ಗುಟುಕು ಒಳಗೆ ಹೋದರೆ ದೇಹ ಇನ್ನಷ್ಟನ್ನು ಬೇಡುತ್ತದೆ, ಬಿಟ್ಟಿದ್ದಾಗ ಮನಸ್ಸು ಮತ್ತೆ ಆ ಮೊದಲ ಗುಟುಕಿನ ಕಡೆಗೇ ಎಳೆಯುತ್ತದೆ ಎಂದು ಅವರು ತಿಳಿಸಿದರು. ಬಿಲ್ ಹೀಗೆಯೇ ಮುಂದುವರಿದರೆ ಹುಚ್ಚು ಇಲ್ಲವೆ ಸಾವು ಎಂದು ಲೋಯಿಸ್ ಅವರಿಗೂ ಮುಚ್ಚಿಡದೆ ಹೇಳಿದರು.

ಅಡಿಗೆಮನೆಗೆ ಬಂದ ಗೆಳೆಯ

1934ರ ನವೆಂಬರ್ ಕೊನೆಯಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯ ಮನೆಗೆ ಬಂದರು. ಅವರೂ ಹೆಸರಾಂತ ಕುಡುಕರು. ಬಿಲ್ ಅಡಿಗೆಮನೆಯ ಮೇಜಿನ ಮೇಲೆ ಲೋಟ ಮುಂದಿಟ್ಟರು. ಎಬಿ ಮುಟ್ಟಲಿಲ್ಲ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಮೂಲಕ ದೇವರಿಗೆ ಶರಣಾಗಿ ಕುಡಿತ ಬಿಟ್ಟಿದ್ದಾಗಿ ತಿಳಿಸಿದರು. ಉಪದೇಶ ಮಾಡಲಿಲ್ಲ, ತನಗಾದದ್ದನ್ನು ಹೇಳಿ ಹೋದರು.

ಪ್ರವಚನ ಕೇಳಿ ಬೇಸತ್ತಿದ್ದ ಬಿಲ್ ಅವರಿಗೆ ಇದು ನಾಟಿತು. ಹೇಳುತ್ತಿದ್ದವನು ತನ್ನಂತೆಯೇ ಗುಂಡಿಯಲ್ಲಿ ಬಿದ್ದು ಎದ್ದವನಾಗಿದ್ದ. ಡಿಸೆಂಬರ್ 11ರಂದು ಕೊನೆಯ ಸಲ ಕುಡಿದು ಬಿಲ್ ಮತ್ತೆ ಟೌನ್ಸ್ ಆಸ್ಪತ್ರೆ ಸೇರಿದರು. ಅಲ್ಲಿ ಕಗ್ಗತ್ತಲೆಯಂತಹ ಹತಾಶೆಯಲ್ಲಿ, ದೇವರಿದ್ದರೆ ತನಗೆ ತೋರಿಸಿಕೊಳ್ಳಲಿ ಎಂದು ಕೂಗಿಕೊಂಡರು. ಕೋಣೆ ಬೆಳಕಿನಿಂದ ತುಂಬಿದಂತೆ, ಬೆಟ್ಟದ ಮೇಲಿನ ಗಾಳಿ ತನ್ನೊಳಗೆ ಬೀಸಿದಂತೆ ಅವರಿಗೆ ಅನುಭವವಾಯಿತು. ತನಗೆ ಹುಚ್ಚು ಹಿಡಿಯಿತೇ ಎಂದು ಹೆದರಿದರು. ಡಾಕ್ಟರ್ ಸಿಲ್ಕ್‌ವರ್ತ್ ಅವರು ನಗಲಿಲ್ಲ. ಏನಾಗಿದೆಯೋ ಅದನ್ನು ಬಿಡದೆ ಹಿಡಿದುಕೊಳ್ಳುವಂತೆ ಧೈರ್ಯ ಹೇಳಿದರು. ಅಂದಿನಿಂದ ಸಾಯುವವರೆಗೆ ಬಿಲ್ ಮದ್ಯ ಮುಟ್ಟಲಿಲ್ಲ.

ಆಕ್ರನ್ ಪಟ್ಟಣದ ಒಂದು ಭಾನುವಾರ

ಕಥೆ ಇಲ್ಲಿಗೇ ಮುಗಿದಿದ್ದರೆ ಇದು ಒಬ್ಬನ ಮನಃಪರಿವರ್ತನೆಯ ಕಥೆಯಾಗಿ ಉಳಿಯುತ್ತಿತ್ತು. ಬಿಲ್ ಹುಮ್ಮಸ್ಸಿನಿಂದ ಇತರ ಕುಡುಕರನ್ನು ತಿದ್ದಲು ಹೊರಟರು. ಆಸ್ಪತ್ರೆಗಳಿಗೆ ಹೋದರು, ಮನೆಗೆ ಕರೆತಂದರು. ಐದು ತಿಂಗಳು ಕಳೆದರೂ ಒಬ್ಬನೂ ನೆಟ್ಟಗಾಗಲಿಲ್ಲ. ಸೋತೆನೆಂದು ಅವರು ಕೊರಗಿದಾಗ ಲೋಯಿಸ್ ಒಂದು ಸಂಗತಿಯನ್ನು ನೆನಪಿಸಿದರು: ಬೇರೆಯವರು ಬಿಡದಿದ್ದರೂ ಈ ಓಡಾಟದಲ್ಲಿ ಅವರೇ ಕುಡಿಯದೆ ಉಳಿದಿದ್ದರು.

1935ರ ಮೇ ತಿಂಗಳಲ್ಲಿ ಬಿಲ್ ವ್ಯವಹಾರದ ಮೇಲೆ ಓಹಾಯೋ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋದರು. ವ್ಯವಹಾರ ಕೆಟ್ಟಿತು. ಶನಿವಾರದ ದಿನ, ಪರಊರು, ಜೇಬು ಬಹುತೇಕ ಖಾಲಿ. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಅವರು ಹಿಂದೆ ಮುಂದೆ ನಡೆದಾಡುತ್ತಿದ್ದರು. ಒಂದು ಕೊನೆಯಲ್ಲಿ ಬಾರ್, ಅಲ್ಲಿಂದ ನಗುವಿನ ಸದ್ದು. ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಹೆಸರಿನ ಪಟ್ಟಿ. ಒಂದೇ ಒಂದು ಲೋಟ ಸಾಕು ಎಂಬ ಯೋಚನೆ ಬಂದಾಗ ಅವರಿಗೆ ಭಯವಾಯಿತು. ತನ್ನಂಥದೇ ಇನ್ನೊಬ್ಬ ಕುಡುಕನೊಡನೆ ಈಗಲೇ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಎಂದು ಹೊಳೆಯಿತು.

ಬಿಲ್ ಟೆಲಿಫೋನಿನ ಕಡೆಗೆ ನಡೆದರು. ಪಟ್ಟಿಯಲ್ಲಿದ್ದ ಒಬ್ಬ ಎಪಿಸ್ಕೋಪಲ್ ಪಾದ್ರಿಗೆ ಕರೆ ಮಾಡಿದರು. ಆ ಪಾದ್ರಿ ಕೆಲವು ಹೆಸರುಗಳನ್ನು ಕೊಟ್ಟರು. ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರಿಗೆ ಬಿಡುವಿಲ್ಲ. ಬಿಲ್ ಫೋನು ಕೆಳಗಿಡಲಿಲ್ಲ. ಕೊನೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ ಸಿಕ್ಕಿದರು. ಆಕೆ ಕುಡಿಯುವವರಲ್ಲ. ಆದರೆ ತಮ್ಮ ಪ್ರಾರ್ಥನಾಕೂಟದಲ್ಲಿ ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರಿಗಾಗಿ ಪ್ರಾರ್ಥಿಸುತ್ತಿದ್ದರು. ಬಂದ ಫೋನನ್ನು ಆ ಪ್ರಾರ್ಥನೆಗೆ ಬಂದ ಉತ್ತರವೆಂದೇ ಆಕೆ ಭಾವಿಸಿದರು.

ಮರುದಿನ, ಮೇ 12, ಅಮೆರಿಕದಲ್ಲಿ ತಾಯಂದಿರ ದಿನ. ಸಂಜೆ ಐದಕ್ಕೆ ಡಾಕ್ಟರ್ ಬಾಬ್ ನಡುಗುವ ಕೈಗಳೊಂದಿಗೆ ಆಕೆಯ ಮನೆಗೆ ಬಂದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಲಾರೆನೆಂದು ಮೊದಲೇ ಷರತ್ತು ಹಾಕಿದ್ದರು. ಇಬ್ಬರೂ ಒಂದು ಕೋಣೆಯಲ್ಲಿ ಕುಳಿತರು. ಬಿಲ್ ಈ ಸಲ ಉಪದೇಶಕ್ಕೆ ಇಳಿಯಲಿಲ್ಲ. ತಾನು ಹೇಗೆ ಕುಡಿದೆ, ಏನೆಲ್ಲ ಕಳೆದುಕೊಂಡೆ, ಹೇಗೆ ಬಿಟ್ಟೆ ಎಂಬುದನ್ನಷ್ಟೇ ಹೇಳಿದರು. ಡಾಕ್ಟರನ್ನು ಉದ್ಧರಿಸಲೆಂದು ಅವರು ಹೋಗಿರಲಿಲ್ಲ. ಡಾಕ್ಟರ್ ತನಗೆ ಬೇಕಾಗಿದ್ದಾರೆಂದು ಹೋಗಿದ್ದರು. ಹದಿನೈದು ನಿಮಿಷ ಎಂದವರು ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು.

ಬಾಬ್ ಅವರು ಒಮ್ಮೆ ಮತ್ತೆ ಎಡವಿದರು. ಆದರೆ 1935ರ ಜೂನ್ 10ರ ನಂತರ ಅವರೂ ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ. ಅದೇ ತಿಂಗಳು ಇಬ್ಬರೂ ಆಸ್ಪತ್ರೆಯಲ್ಲಿ ಮಂಚಕ್ಕೆ ಕಟ್ಟಿಹಾಕಿದ್ದ ಒಬ್ಬ ವಕೀಲರನ್ನು ಕಂಡು ಮಾತಾಡಿದರು. ಅವರು ಮೂರನೆಯವರಾದರು. 1939ರಲ್ಲಿ, ಹನ್ನೆರಡು ಹೆಜ್ಜೆಗಳನ್ನು ವಿವರಿಸುವ ಪುಸ್ತಕ ಹೊರಬಂದಿತು. ಬರೆದವರಲ್ಲಿ ಮುಖ್ಯರು ಬಿಲ್. ಕೂಟದ ಹೆಸರೂ ಆ ಪುಸ್ತಕದ ಹೆಸರೂ ಒಂದೇ.

ಒಬ್ಬ ಕನ್ಯಾಸ್ತ್ರೀ, ಒಬ್ಬ ಯೇಸುಸಭೆಯ ಗುರು

ಈ ಕಾರ್ಯದಲ್ಲಿ ನಮ್ಮ ಧರ್ಮಸಭೆಯ ಇಬ್ಬರ ಪಾತ್ರ ದೊಡ್ಡದು. ಮೊದಲನೆಯವರು ಸಿಸ್ಟರ್ ಇಗ್ನೇಷಿಯಾ. ಐರ್ಲೆಂಡಿನಲ್ಲಿ ಹುಟ್ಟಿದ ಈ ಸಣ್ಣ ಮೈಕಟ್ಟಿನ ಕನ್ಯಾಸ್ತ್ರೀ ಸಂಗೀತ ಶಿಕ್ಷಕಿಯಾಗಿದ್ದವರು. ಆರೋಗ್ಯ ಕೆಟ್ಟು, ಆಕ್ರನ್‌ನ ಸಂತ ಥಾಮಸ್ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುವ ಕೆಲಸಕ್ಕೆ ಬಂದಿದ್ದರು. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದಿದ್ದ ಕಾಲವದು. 1939ರ ಆಗಸ್ಟ್‌ನಲ್ಲಿ ಡಾಕ್ಟರ್ ಬಾಬ್ ಕರೆತಂದ ರೋಗಿಯನ್ನು ಅವರು ಹೊಟ್ಟೆಯ ಉರಿಯೂತವೆಂದು ಬರೆದು ಸೇರಿಸಿಕೊಂಡರು. ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸಿಡುವ ಪುಟ್ಟ ಕೋಣೆಯಲ್ಲಿ ಮಂಚ ಹಾಕಿಸಿದರು. ಮುಂದೆ ಅದೇ ಆಸ್ಪತ್ರೆಯಲ್ಲಿ ಸಾವಿರಾರು ಮಂದಿ ಚಿಕಿತ್ಸೆ ಪಡೆದರು. ಮನೆಗೆ ಹೊರಟವರ ಕೈಗೆ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಒಂದು ಬ್ಯಾಡ್ಜ್ ಕೊಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಅದನ್ನು ತನಗೆ ಹಿಂದಿರುಗಿಸಬೇಕೆಂಬುದು ಅವರ ಕಟ್ಟಳೆ. ಒಬ್ಬನೇ ಬಾರಿಗೆ ಹೋಗುವ ಮೊದಲು ಒಬ್ಬರ ಮುಖ ನೋಡಬೇಕಿತ್ತು. ಎಷ್ಟೋ ಮಂದಿಯನ್ನು ಅದು ತಡೆದಿರಬೇಕು.

ಎರಡನೆಯವರು ಸೇಂಟ್ ಲೂಯಿಸ್ ನಗರದ ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್. 1940ರ ಚಳಿಗಾಲದ ಒಂದು ರಾತ್ರಿ, ಆಲಿಕಲ್ಲು ಸುರಿಯುತ್ತಿದ್ದಾಗ, ಕೀಲುನೋವಿನಿಂದ ಬೆನ್ನು ಬಾಗಿದ ಈ ಗುರುಗಳು ಕೋಲೂರಿಕೊಂಡು ನ್ಯೂಯಾರ್ಕಿನಲ್ಲಿದ್ದ ಎ.ಎ. ಮನೆಗೆ ಬಂದರು. ಮನೆಮಠ ಕಳೆದುಕೊಂಡು ಅಲ್ಲಿಯೇ ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿದ್ದ ಬಿಲ್ ಅಂದು ತೀರಾ ಕುಗ್ಗಿದ್ದರು. ಯಾರೋ ನಿರ್ಗತಿಕ ಕುಡುಕ ಬಂದಿರಬೇಕೆಂದುಕೊಂಡರು. ಗುರುಗಳು ಬಂದದ್ದು ಬೇರೆ ಕಾರಣಕ್ಕೆ. ಹನ್ನೆರಡು ಹೆಜ್ಜೆಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆ ಅವರನ್ನು ಬೆರಗುಗೊಳಿಸಿತ್ತು. ಬಿಲ್ ಆ ಸಾಧನೆಗಳ ಹೆಸರನ್ನೂ ಕೇಳಿರಲಿಲ್ಲ. ಆ ರಾತ್ರಿ ಅವರು ತಮ್ಮ ಮನಸ್ಸಿನ ಭಾರವನ್ನೆಲ್ಲ ಗುರುಗಳ ಮುಂದೆ ಇಳಿಸಿದರು. 1960ರಲ್ಲಿ ಗುರುಗಳು ತೀರಿಕೊಳ್ಳುವವರೆಗೆ ಇಪ್ಪತ್ತು ವರ್ಷ ಅವರೇ ಬಿಲ್ ಅವರ ಆಧ್ಯಾತ್ಮಿಕ ಆಪ್ತರು.

ಮುಂದೆ ಬಿಲ್ ಅವರು ಮೊನ್ಸಿಂಜೊರ್ ಫುಲ್ಟನ್ ಶೀನ್ ಅವರಲ್ಲಿ ಧರ್ಮೋಪದೇಶವನ್ನೂ ಪಡೆದರು. ಆದರೆ ಕಥೋಲಿಕ ಧರ್ಮಸಭೆಯನ್ನು ಸೇರಲಿಲ್ಲ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿದೆ. ಆದುದರಿಂದ ಅದು ಬೇರೆ ಪಂಥವೆಂದು ನಮ್ಮವರು ಹೆದರಬೇಕಿಲ್ಲ. ಅದು ಪಾಪನಿವೇದನೆಯ ಜಾಗದಲ್ಲಿ ನಿಲ್ಲುವುದೂ ಇಲ್ಲ. ತನ್ನ ತಪ್ಪುಗಳನ್ನು ಲೆಕ್ಕಹಾಕಿ, ಇನ್ನೊಬ್ಬರ ಮುಂದೆ ಒಪ್ಪಿಕೊಂಡು, ನೊಂದವರಿಗೆ ಪರಿಹಾರ ಮಾಡಲು ಅಲ್ಲಿ ಕಲಿತವನು ಪಾಪನಿವೇದನೆಗೆ ಹೆಚ್ಚು ಸಿದ್ಧನಾಗಿಯೇ ಬರುತ್ತಾನೆ.

ಲೋಯಿಸ್ ಎಸೆದ ಚಪ್ಪಲಿ

ಗಂಡ ಕುಡಿತ ಬಿಟ್ಟರೆ ಮನೆ ಸ್ವರ್ಗವಾಗುತ್ತದೆ ಎಂದು ಲೋಯಿಸ್ ಎಣಿಸಿದ್ದರು. ಹಾಗಾಗಲಿಲ್ಲ. ಹದಿನೇಳು ವರ್ಷ ತಾನು ಕಣ್ಣೀರಿಟ್ಟರೂ ಆಗದ್ದು ಯಾರೋ ಹೊರಗಿನವರಿಂದ ಆಯಿತೆಂಬ ನೋವು ಅವರಲ್ಲಿತ್ತು. ಒಂದು ದಿನ ಬಿಲ್ ಸಭೆಗೆ ಹೊತ್ತಾಯಿತೆಂದು ಕರೆದಾಗ ಸಿಟ್ಟು ತಡೆಯಲಾರದೆ ಚಪ್ಪಲಿ ಎಸೆದುಬಿಟ್ಟರು. ಆಮೇಲೆ ತಮ್ಮ ಸಿಟ್ಟಿಗೆ ತಾವೇ ಬೆರಗಾದರು. ಕುಡಿದವನ ಜೊತೆ ಬಾಳಿದವರಿಗೂ ಗಾಯವಾಗಿರುತ್ತದೆ, ಅವರಿಗೂ ಒಂದು ಕೂಟ ಬೇಕು ಎಂದು ಅರಿತರು. 1951ರಲ್ಲಿ ಅವರು ಒಬ್ಬ ಗೆಳತಿಯೊಡನೆ ಅಲ್‌-ಅನಾನ್ ಕುಟುಂಬ ಕೂಟಗಳನ್ನು ಆರಂಭಿಸಿದರು. ಮನೆಯವನು ಇನ್ನೂ ಕುಡಿಯುತ್ತಿದ್ದರೂ ಹೆಂಡತಿ, ತಾಯಿ, ಮಕ್ಕಳು ಅಲ್ಲಿಗೆ ಹೋಗಬಹುದು.

ಬಿಲ್ ಅವರ ಕೊನೆಯ ವರ್ಷಗಳೂ ಹೂವಿನ ಹಾಸಿಗೆಯಾಗಿರಲಿಲ್ಲ. ಕುಡಿತ ಬಿಟ್ಟ ಮೇಲೂ ವರ್ಷಗಟ್ಟಲೆ ಖಿನ್ನತೆ ಕಾಡಿತು. ಸಿಗರೇಟನ್ನು ಬಿಡಲಾಗದೆ ಶ್ವಾಸಕೋಶ ಕೆಡಿಸಿಕೊಂಡರು. ಆದರೆ ಪೀಠಕ್ಕೆ ಅಂಟಿಕೊಳ್ಳಲಿಲ್ಲ. ಯೇಲ್ ವಿಶ್ವವಿದ್ಯಾಲಯ ಕೊಡಲು ಬಂದ ಗೌರವ ಪದವಿಯನ್ನು 1954ರಲ್ಲಿ ಬೇಡವೆಂದರು. 1955ರಲ್ಲಿ ಸೇಂಟ್ ಲೂಯಿಸ್ ನಗರದ ಸಮಾವೇಶದಲ್ಲಿ ಸಂಸ್ಥೆಯ ಹೊಣೆಯನ್ನು ಸದಸ್ಯರಿಗೇ ಒಪ್ಪಿಸಿಕೊಟ್ಟರು. 1971ರ ಜನವರಿ 24ರಂದು ಅವರು ತೀರಿಕೊಂಡರು. ಅಂದು ಅವರ ಮದುವೆಯ 53ನೆಯ ವಾರ್ಷಿಕದ ದಿನ. ಒಡೆದು ಹೋಗಬೇಕಾಗಿದ್ದ ಸಂಸಾರವದು.

ನಮ್ಮ ಊರಿನಲ್ಲಿ

ಭಾರತಕ್ಕೆ ಎ.ಎ. 1957ರಲ್ಲಿ ಬಂತು. ಇಂದು ಬೆಂಗಳೂರು, ಮಂಗಳೂರು ಮುಂತಾದ ಕಡೆ ಅದರ ಸಭೆಗಳು ನಡೆಯುತ್ತಿವೆ. ಎಷ್ಟೋ ಕಡೆ ಚರ್ಚಿನ ಅಥವಾ ಶಾಲೆಯ ಕೋಣೆಯಲ್ಲಿಯೇ. ಪ್ರವೇಶ ಶುಲ್ಕವಿಲ್ಲ. ಹಾಜರಿ ಪುಸ್ತಕವಿಲ್ಲ. ಪೂರ್ತಿ ಹೆಸರು, ಜಾತಿ, ಕೆಲಸ ಯಾವುದನ್ನೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಅದೇ ಅರ್ಹತೆ. ಸುಮಾರು ಒಂದೂವರೆ ಗಂಟೆ ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ; ಹೊಸಬರು ಸುಮ್ಮನೆ ಕುಳಿತು ಕೇಳಿದರೂ ಸಾಕು. ಕೇಳಿದ್ದು ಹೊರಗೆ ಹೋಗಬಾರದೆಂಬುದು ನಿಯಮ. ಕೆಲವು ಸಭೆಗಳು ವ್ಯಸನಿಗಳಿಗೆ ಮಾತ್ರ. ಕೆಲವು ತೆರೆದ ಸಭೆಗಳು, ಮನೆಯವರೂ ಬರಬಹುದು.

ಹತ್ತಿರದ ಸಭೆ ಎಲ್ಲಿದೆಯೆಂದು ಹುಡುಕುವುದು ಕಷ್ಟವಲ್ಲ. ಎ.ಎ.ಯ ಸಹಾಯವಾಣಿಗೆ ಫೋನು ಮಾಡಬಹುದು. ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಲ್ಲಿ ಕೇಳಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳನ್ನೂ ಕೇಳಬಹುದು. ಒಂದು ಎಚ್ಚರಿಕೆ: ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಬುದ್ಧಿಭ್ರಮಣೆ ಬಂದು ಪ್ರಾಣಾಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ಮೊದಲ ಸಭೆಯಲ್ಲಿ ಮನಸ್ಸು ಕೂರದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದು ಸಲ ಹೋಗಿ ಬಂದು ಆಯಿತು ಎಂದುಕೊಳ್ಳಬೇಡಿ. ಬಿಲ್ ಅವರೂ ಒಂದೇ ಫೋನಿಗೆ ಸುಮ್ಮನಾಗಿದ್ದರೆ ಡಾಕ್ಟರ್ ಬಾಬ್ ಸಿಗುತ್ತಿರಲಿಲ್ಲ.

ಕುಡಿತವನ್ನು ಗೆದ್ದವರೆಂದರೆ ನಮಗೆ ನೆನಪಾಗುವುದು ಡಬ್ಲಿನ್ ನಗರದ ಕೂಲಿಯಾಳು, ಪೂಜ್ಯ ಮ್ಯಾಟ್ ಟಾಲ್ಬಟ್. 1884ರಲ್ಲಿ ಅವರು ಆಣೆ ಇಟ್ಟಾಗ ಎ.ಎ. ಇರಲಿಲ್ಲ. ಆದರೆ ಅವರೂ ಒಬ್ಬರೇ ಉಳಿಯಲಿಲ್ಲ. ದಿನದಿನದ ಬಲಿಪೂಜೆ, ದಾರಿ ತೋರಿದ ಗುರು, ಸಂತ ಫ್ರಾನ್ಸಿಸರ ಮೂರನೆಯ ಸಭೆಯ ಸಹೋದರರು ಅವರ ಜೊತೆಗಿದ್ದರು. ಆಣೆ ಒಂದು ದಿನದ್ದು. ಅದನ್ನು ಉಳಿಸುವ ಜೊತೆಗಾರರು ಪ್ರತಿದಿನ ಬೇಕು.

ಹಾಗಾದರೆ ನಮ್ಮ ಕರ್ತವ್ಯವೇನು? ಆಕ್ರನ್‌ನ ಆ ಪಾದ್ರಿ ಕುಡಿತದ ವೈದ್ಯರಲ್ಲ, ಹೆನ್ರಿಯೆಟಾ ಅವರು ಕುಡಿದವರಲ್ಲ. ಒಬ್ಬರು ಹೆಸರು ಕೊಟ್ಟರು, ಇನ್ನೊಬ್ಬರು ಮನೆಯ ಬಾಗಿಲು ತೆರೆದರು. ಅಷ್ಟು ನಮ್ಮಿಂದಲೂ ಸಾಧ್ಯ. ಹತ್ತಿರದ ಸಭೆಯ ದಿನ, ಹೊತ್ತು, ಸ್ಥಳ ನಮ್ಮ ಚರ್ಚಿನ ಸೂಚನಾಫಲಕದಲ್ಲಿರಲಿ. ಸಭೆ ಇಲ್ಲದ ಕಡೆ ಒಂದು ಕೋಣೆ, ನಾಲ್ಕು ಕುರ್ಚಿ, ಒಂದು ಲೋಟ ಚಹಾ ಕೊಡಲು ಪಾಲನಾ ಸಮಿತಿ ಮನಸ್ಸು ಮಾಡಲಿ. ನೆರೆಮನೆಯ ತಾಯಿ ಮಗನ ಕುಡಿತದ ಬಗ್ಗೆ ಅತ್ತರೆ, ಪ್ರಾರ್ಥಿಸುವ ಜೊತೆಗೆ ಮೊದಲ ದಿನ ಸಭೆಯ ಬಾಗಿಲ ತನಕ ಅವರೊಡನೆ ನಡೆದು ಹೋಗೋಣ.

ಪಾರ್ಶ್ವವಾಯು ರೋಗಿಯನ್ನು ಗುಣಪಡಿಸಿದ್ದು ಆ ನಾಲ್ವರಲ್ಲ. ಅದು ಯೇಸುಸ್ವಾಮಿಯ ಕೆಲಸ. ಆದರೆ ಅವರು ಹೊರದಿದ್ದರೆ ರೋಗಿ ಮನೆಯಲ್ಲಿಯೇ ಬಿದ್ದಿರುತ್ತಿದ್ದ. ನಮ್ಮ ಬೀದಿಯಲ್ಲಿಯೂ ಹಾಗೆ ಮಲಗಿರುವವನೊಬ್ಬನಿದ್ದಾನೆ. ಅವನ ಮಂಚದ ಒಂದು ಮೂಲೆಗೆ ಕೈ ಹಾಕುವ ಕೃಪೆಯನ್ನು ಪ್ರಭು ನಮಗೆ ಕರುಣಿಸಲಿ.